ತಾಲಿಬನ ಸುಣ್ಣದ ಗುರುತು

ಪೀರನವಾಡಿ
19 ಜುಲೈ 2024

ಬಸಲಿಂಗಪ್ಪ ಅಣ್ಣಾರಿಗೆ ಫಕ್ರುನ್ನಿಸಾ ಮಾಡುವ ಸಲಾಮು.

ನಾನು ತಾಲಿಬ ಅವರ ಮನೆಯಾಕೆ. ಈದಿಗೆ ನೀವು ಬಂದು ಸುರಕುಂಬಾ ಪಾಯಸ ಕುಡಿದು ಹೋಗುವಾಗ ನಾಲ್ಕು ಮಾತು ಆಡಿದ್ದುಂಟು, ಪತ್ರ ಬರೆಯುವುದು ಇದೇ ಮೊದಲು. ಫೋನ್ ಹಚ್ಚಿದರೆ ನಿಮ್ಮ ಮಗಳು ನೀಲಾ ಎತ್ತಿದರು. "ಅಪ್ಪಗ ಬಾಜೂಕ ನಿಂತು ಕೂಗಿದ್ರೂ ಕೇಳಂಗಿಲ್ರೀ" ಅಂದರು. ಆಕೆಯ ಕೈಯಲ್ಲಿ ಹೇಳಿ ಕಳಿಸುವ ಮಾತಲ್ಲ ಇದು. ನಾನು ಏಳನೆಯ ಇಯತ್ತೆವರೆಗೆ ಕನ್ನಡ ಸಾಲಿ ಕಲಿತೆ, ಆಮೇಲೆ ಬಿಡಿಸಿದರು. ತಪ್ಪಿದ್ದಲ್ಲಿ ಸರಿ ಮಾಡಿಕೊಂಡು ಓದಿರಿ.

ನಾನು ಫೌಂಡ್ರಿಯ ಒಳಗೆ ಕಾಲಿಟ್ಟವಳಲ್ಲ. ಇವರು ಹದಿನಾರು ವರ್ಷ ಊಟದ ಮುಂದೆ ಕೂತು ಹೇಳಿದ್ದರಿಂದ ತಿಳಿದದ್ದು ಇಷ್ಟು. ಕರಗಿದ ಕಬ್ಬಿಣವನ್ನು ಭಟ್ಟಿಯಿಂದ ಲ್ಯಾಡಲ್ ಎಂಬ ದೊಡ್ಡ ಬಕೆಟ್ಟಿಗೆ ಸುರುವುತ್ತೀರಿ. ಅದರ ಒಳಗೆ ಬಳಿದ ಹೊಸ ಮಣ್ಣು ಹಸಿ ಇದ್ದರೆ ಕಬ್ಬಿಣ ಬಿದ್ದ ಕೂಡಲೇ ಸಿಡಿಯುತ್ತದೆ. ಅದಕ್ಕೆ ಬೆಂಕಿ ಹಿಡಿದು ಒಣಗಿಸುವ ಕೆಲಸ ಇವರದು. ಒಣಗಿತೆಂದು ಖಾತ್ರಿಯಾದ ಮೇಲೆ ತಂಬಾಕಿನ ಜೊತೆ ಇಟ್ಟುಕೊಳ್ಳುವ ಡಬ್ಬಿಯಿಂದ ಹೆಬ್ಬೆರಳಿಗೆ ಸುಣ್ಣ ಹಚ್ಚಿ ಲ್ಯಾಡಲಿನ ಹಿಡಿಕೆಯ ಮೇಲೆ ಒತ್ತುತ್ತಾರೆ. ಆ ಗುರುತು ಕಂಡರೆ ಮಾತ್ರ ನೀವು ಭಟ್ಟಿ ಬಾಗಿಸುತ್ತೀರಿ. ಖರೇ ಹೌದಲ್ಲ?

ಜೂನ್ ಏಳರ ಶುಕ್ರವಾರ ಲ್ಯಾಡಲ್ ಸಿಡಿಯಿತು. ಮೋಲ್ಡು ಎಂಬ ಅಚ್ಚುಗಳ ಕೆಲಸ ಮಾಡುವ ಉಳವಪ್ಪ ಅವರ ಬಲಗಾಲಿನ ಪಾದವನ್ನು ದವಾಖಾನೆಯಲ್ಲಿ ತೆಗೆದರು. ನಿಮ್ಮ ಕಿವಿ ಹೋದವು. ಇವರ ಬೆನ್ನು ಸುಟ್ಟಿತು, ತಲೆಗೆ ಪೆಟ್ಟು ಬಿತ್ತು. ಬೆನ್ನು ಮಾಯುತ್ತಿದೆ. ಆದರೆ ಇವರಿಗೆ ಅವತ್ತು ನಮಾಜು ಮುಗಿಸಿ ಮಸೀದಿಯ ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಂಡದ್ದು ನೆನಪಿದೆ, ಅಲ್ಲಿಂದ ಮುಂದೆ ದವಾಖಾನೆಯ ಫ್ಯಾನು ನೆನಪಿದೆ. ನಡುವಿನದು ಇಲ್ಲ.

ಮೊನ್ನೆ ಕಂಪನಿಯಿಂದ ಹನ್ನೊಂದು ಹಾಳೆಯ ಇಂಗ್ಲಿಷ್ ರಿಪೋರ್ಟು ಬಂತು. ಮಹಾಂತೇಶ ನಗರದಲ್ಲಿ ನಾನು ಅಡಿಗೆ ಮಾಡುವ ಮನೆಯ ಪೂರ್ಣಿಮಾ ಟೀಚರ್ ಓದಿ ಹೇಳಿದರು. ಲ್ಯಾಡಲ್ ಸರಿಯಾಗಿ ಒಣಗಿಸಲ್ಪಟ್ಟಿರಲಿಲ್ಲ ಅಂತ ಇದೆ. ಯಾರು ಅಂತ ಇಲ್ಲ. ಜೊತೆಗೆ ಇನ್ನೊಂದು ಕಾಗದ, ಆಗಸ್ಟ್ 29ಕ್ಕೆ ಇವರು ವಿಚಾರಣೆಗೆ ಬಂದು ಹೇಳಿಕೆ ಕೊಡಬೇಕು ಅಂತ.

ಇವರು ನನ್ನ ಮುಖ ನೋಡದೆ ಅಂದರು, "ಒಣಗಸೂದು ನನ್ನ ಕೆಲಸ. ಮತ್ತ್ಯಾರ ಹೆಸರ ಬರೀಬೇಕ ಅವರು? ನಾನ ಗುರುತ ಹಾಕಿರ್ತೀನಿ. ಹೋಗಿ ಸಹಿ ಮಾಡಿ ಬರ್ತೀನಿ."

ಉಳವಪ್ಪ ಅವರ ಪಾದ ತೆಗೆದದ್ದು ತಾನೇ ಅಂತ ತಿಳಿದಿದ್ದಾರೆ. ಓಣಿಗೆ ಕಾಲಿಡುವುದಿಲ್ಲ. ನಾನು ಬಟ್ಟಲು ಮುಂದಿಟ್ಟರೆ ಅದನ್ನೇ ನೋಡುತ್ತಾ ಕೂತಿರುತ್ತಾರೆ. ಅಣ್ಣಾ, ಭಟ್ಟಿಯ ಮುಂದೆ ನೀವಿದ್ದಿರಿ. ನೀವು ಏನು ನೋಡಿದಿರಿ, ಅಷ್ಟು ಬರೆಯಿರಿ. ಇವರು ಮಾಡಿದ್ದರೆ ಮಾಡಿದರು ಅಂತಲೇ ಬರೆಯಿರಿ. ಗೊತ್ತಿಲ್ಲದ್ದಕ್ಕೆ ಸಹಿ ಮಾಡಿದರೆ ಇವರು ಉಳಿಯುವುದಿಲ್ಲ.

ನಾನು ಬರೆದದ್ದು ಇವರಿಗೆ ಗೊತ್ತಿಲ್ಲ. ಉತ್ತರ ಟೀಚರ್ ಮನೆಯ ವಿಳಾಸಕ್ಕೆ ಹಾಕಿರಿ, ಹಾಳೆಯ ಹಿಂಬದಿಗೆ ಬರೆದಿದ್ದೇನೆ.

ನಿಮ್ಮ ತಂಗಿ,
ಫಕ್ರುನ್ನಿಸಾ


ಖಾನಾಪುರ
27 ಜುಲೈ 2024

ತಂಗಿ ಫಕ್ರುನ್ನಿಸಾಗೆ ಬಸಲಿಂಗಪ್ಪನ ಶರಣು.

ಎಲ್ಲರೂ ಆರಾಮ ಅಂತ ಮೊದಲು ಬರೆಯುವ ರೂಢಿ ಐತಿ. ಬರೆದೆ ಅಂತ ತಿಳಿ.

ನಿನ್ನ ಪತ್ರ ಸೋಮವಾರವೇ ಬಂತು. ಅರ್ಧ ತೊಯ್ದಿತ್ತು, ಆದರೂ ಅಕ್ಷರ ಉಳಿದಿದ್ದವು. ನೀಲಾ ಯಾರ ಪತ್ರ ಅಂತ ಕೈಸನ್ನೆ ಮಾಡಿ ಕೇಳಿದಳು, ಯೂನಿಯನ್ನಿನವರದು ಅಂದೆ. ಯಾಕೆ ಹಾಗಂದೆನೋ ತಿಳಿಯದು. ಒಮ್ಮೆ ಅಂದ ಮೇಲೆ ಈಗ ಯೂನಿಯನ್ನಿನವರು ಏನು ಬರೆದಿದ್ದಾರೆ ಅಂತ ಅಳಿಯನೂ ಕೇಳುತ್ತಾನೆ. ನಾನು ಆರನೆಯ ಇಯತ್ತೆಗೆ ಬಿಟ್ಟವ. ಒಂದು ಹಾಳೆ ತುಂಬಿಸಲು ನನಗೆ ಎರಡು ದಿನ ಬೇಕು. ತಡವಾದದ್ದು ಅದಕ್ಕೇ, ಬೇರೆ ಅರ್ಥ ಮಾಡಿಕೊಳ್ಳಬೇಡ.

ಮೊದಲು ಒಂದು ಕೇಳುತ್ತೇನೆ. ಹನ್ನೊಂದು ಹಾಳೆಯಲ್ಲಿ ನನ್ನ ಹೆಸರು ಎಲ್ಲಿಯಾದರೂ ಐತೇನು? ಟೀಚರ್ ಎಲ್ಲ ಹಾಳೆ ಓದಿದರೋ, ಬೇಕಾದಷ್ಟೇ ಓದಿದರೋ? ಇಂಗ್ಲಿಷಿನಲ್ಲಿ ನನ್ನ ಹೆಸರು ಬಿ ಅಕ್ಷರದಿಂದ ಶುರು ಆಗುತ್ತದೆ, ಇನ್ನೊಮ್ಮೆ ಬೆರಳಿಟ್ಟು ನೋಡಲು ಹೇಳು. ಭಟ್ಟಿ ಅಂತ ಇದ್ದರೂ ನೋಡಲು ಹೇಳು. ಆ ಟೀಚರ್ ಯಾರ ಮುಂದೆಯೂ ಆಡುವವರಲ್ಲ ತಾನೆ?

ಉಳವಪ್ಪನನ್ನು ಮನೆಗೆ ಕರೆತಂದರೋ ಇನ್ನೂ ದವಾಖಾನೆಯಲ್ಲಿದ್ದಾನೋ ಬರೆ.

ನನ್ನ ಕಿವಿಯೊಳಗೆ ಹಗಲೆಲ್ಲ ಫೌಂಡ್ರಿಯ ಹೊಗೆ ಹೊರಹಾಕುವ ಫ್ಯಾನಿನ ಸಪ್ಪಳ. ಹೊರಗಿನದು ಏನೂ ಇಲ್ಲ. ಅಳಿಯ ಇಲ್ಲಿಯ ಹಂಚಿನ ಕಾರ್ಖಾನೆಯಲ್ಲಿದ್ದಾನೆ. ಮನೆಯಲ್ಲಿ ಕುಂತು ಹುಚ್ಚನಾಗುತ್ತೇನೆಂದು ನನ್ನನ್ನೂ ಕರೆದುಕೊಂಡು ಹೋಗುತ್ತಾನೆ. ಹಸಿ ಹಂಚನ್ನು ಸಾಲಾಗಿ ಇಡುವ ಶೆಡ್ಡಿನಲ್ಲಿ ಕೂಡಿಸುತ್ತಾನೆ. ಒಣಗಿದ್ದನ್ನು ಆರಿಸಿ ಈ ಕಡೆ ಇಡಬೇಕು, ಅಷ್ಟೇ ಕೆಲಸ. ನಾನು ಒಂದೊಂದನ್ನೂ ಮೂರು ಸಲ ಎತ್ತಿ, ಗಲ್ಲಕ್ಕೆ ಹಚ್ಚಿ, ಮತ್ತೆ ಅಲ್ಲೇ ಇಡುತ್ತೇನೆ. ನನ್ನಿಂದ ಅವರ ಸಾಲು ನಿಂತುಬಿಡುತ್ತದೆ. ಆಳುಗಳು ನಗುತ್ತಾರೆ. ನಗುವುದು ಕೇಳದು, ಹಲ್ಲು ಕಾಣುತ್ತವೆ.

ನೀನು ಕೇಳಿದ್ದಕ್ಕೆ ಉತ್ತರ. ನಾನು ಏನೂ ನೋಡಲಿಲ್ಲ. ಕೆಂಪು ಬೆಳಕು, ಆಮೇಲೆ ನೆಲ. ಇಷ್ಟೇ. ರಿಪೋರ್ಟಿನಲ್ಲಿ ಯಾರ ಹೆಸರೂ ಇಲ್ಲದಿದ್ದರೆ ಒಳ್ಳೆಯದೇ ಆಯಿತು. ಸಾಹೇಬರು ತಿಳಿದೇ ಹಾಗೆ ಬರೆದಿರುತ್ತಾರೆ, ಯಾರಿಗೂ ತ್ರಾಸ ಆಗಬಾರದೆಂದು. ಅದನ್ನು ಕೆದಕಬೇಡಿರಿ. ತಾಲಿಬನಿಗೆ ಸಹಿ ಮಾಡಬೇಡ ಅನ್ನು. ಮರೆತಿದ್ದೇನೆ ಅಂತ ಹೇಳಲಿ. ಮರೆತದ್ದು ಖರೇ ಐತಲ್ಲ.

ಸರಿಯಾಗಿ ಊಟ ಮಾಡಲಿ.

ಬಸಲಿಂಗಪ್ಪ


ಮಹಾಂತೇಶ ನಗರ
3 ಆಗಸ್ಟ್ 2024

ಅಣ್ಣಾರಿಗೆ ಸಲಾಮು.

ಟೀಚರ್ ಮನೆಯ ಅಡಿಗೆಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಬೇಳೆ ಕುದಿಯುತ್ತಿದೆ.

ನಿಮ್ಮ ಹೆಸರು ಇಲ್ಲ. ಟೀಚರ್ ಬೆರಳಿಟ್ಟು ಎರಡು ಸಲ ನೋಡಿದರು. ಹೆಸರಿರುವುದು ಒಂದೇ ಕಡೆ, ಗಾಯಗೊಂಡವರು ಅಂತ. ಅಲ್ಲಿ ಮೂವರ ಹೆಸರೂ ಇದೆ, ನಿಮ್ಮದೂ ಅಲ್ಲಿ ಮಾತ್ರ. ಏನಾಯಿತು ಅಂತ ಬರೆದ ಹಾಳೆಗಳಲ್ಲಿ ಒಬ್ಬ ಮನುಷ್ಯನೂ ಇಲ್ಲ. ಪೆಟ್ಟು ತಿನ್ನುವುದಕ್ಕೆ ಜನ ಇದ್ದಾರೆ, ಕೆಲಸ ಮಾಡುವುದಕ್ಕೆ ಇಲ್ಲ.

ನಾನು ಇದು ಹೇಗೆ ಅಂತ ಕೇಳಿದೆ. ಟೀಚರ್ ಮಕ್ಕಳಿಗೆ ಕಲಿಸುವಂತೆ ಕಲಿಸಿದರು. ಇಂಗ್ಲಿಷಿನಲ್ಲಿ ಕೆಲಸ ಮಾಡಿದವನನ್ನು ಹೊರಗೆ ನಿಲ್ಲಿಸಿ, ಕೆಲಸ ಹೇಗಾಯಿತು ಅನ್ನುವುದನ್ನಷ್ಟೇ ಹೇಳಲು ಬರುತ್ತದಂತೆ. ನಾಟ್ ಪ್ರಾಪರ್ಲಿ ಡ್ರೈಡ್. ನಾಟ್ ಕೇರ್‌ಫುಲ್ಲಿ ಇನ್‌ಸ್ಪೆಕ್ಟೆಡ್. ನಾಟ್ ಸ್ಟ್ರಿಕ್ಟ್ಲಿ ಫಾಲೋಡ್. ಪೆನ್ಸಿಲಿನಿಂದ ಗೆರೆ ಎಳೆಯುತ್ತಾ ಹೋದರು, ಹನ್ನೊಂದು ಹಾಳೆಯಲ್ಲಿ ಇಂಥವು ಹದಿನೇಳು. ಸರಿಯಾಗಿ ಅಲ್ಲ, ಜಾಗ್ರತೆಯಿಂದ ಅಲ್ಲ, ಕಟ್ಟುನಿಟ್ಟಾಗಿ ಅಲ್ಲ. ಕನ್ನಡಕ್ಕೆ ತಂದರೆ ಒಣಗಿಸಲ್ಪಟ್ಟಿರಲಿಲ್ಲ ಅಂತ ಆಗುತ್ತದೆ, ನಮ್ಮ ಯಾರ ಮನೆಯಲ್ಲಿ ಹೀಗೆ ಮಾತಾಡುತ್ತಾರೆ? ಹಾಲು ಉಕ್ಕಿದರೆ ಯಾರು ನೋಡಲಿಲ್ಲ ಅಂತ ಕೇಳುತ್ತೇವೆ.

ಇನ್ನೊಂದು ಹೇಳಿದರು. ಆ ನಾಟ್ ಅನ್ನುವುದು ಒಣಗಿಸುವುದನ್ನು ಹಿಡಿದಿಲ್ಲ, ಸರಿಯಾಗಿ ಅನ್ನುವುದನ್ನು ಹಿಡಿದಿದೆ. ಅಂದರೆ ಒಣಗಿಸಲೇ ಇಲ್ಲ ಅಂತ ರಿಪೋರ್ಟು ಹೇಳುವುದಿಲ್ಲ. ಒಣಗಿಸಿದ್ದು ಹೌದು, ಅದು ಸರಿಯಾಗಿರಲಿಲ್ಲ ಅನ್ನುತ್ತದೆ. ನನಗೆ ಇದರಿಂದ ಸಮಾಧಾನ ಆಗಬಹುದು ಅನ್ನಿಸಿ ಮನೆಗೆ ಹೋಗಿ ಇವರಿಗೆ ಹೇಳಿದೆ, ನೀವು ಕೆಲಸ ಬಿಟ್ಟು ಕೂತಿರಿ ಅಂತ ಅವರು ಅಂದಿಲ್ಲ ನೋಡಿ ಅಂತ. ಇವರು ಅಂದರು, "ಅಂದ್ರ ಒಣಗಿಸಿದಾವ ಒಬ್ಬ ಇದ್ದ. ಅಂವಾ ನಾನ." ಮತ್ತೆ ಗೋಡೆಗೆ ಮುಖ ಮಾಡಿದರು. ಇದ್ದ ಒಂದು ಬಾಗಿಲನ್ನೂ ನಾನೇ ಮುಚ್ಚಿದೆ ಅನ್ನಿಸಿತು.

ಯಾರ ಹೆಸರೂ ಇಲ್ಲದ್ದು ಒಳ್ಳೆಯದು ಅಂತ ಬರೆದಿದ್ದೀರಿ. ಅಣ್ಣಾ, ಖಾಲಿ ಬಿಟ್ಟ ಜಾಗದಲ್ಲಿ ಜನ ತಮಗೆ ಬೇಕಾದ ಹೆಸರು ತುಂಬುತ್ತಾರೆ. ನೀರಿನ ಟಾಕಿಯ ಹತ್ತಿರ ಒಬ್ಬಾಕೆ ನನ್ನ ಕೊಡವನ್ನು ಬಾಜೂಕ ಸರಿಸಿ, "ನಮಾಜಿಗೆ ಹೋದಾಗ ಲಕ್ಷ್ಯ ಅಲ್ಲೇ ಬಿಟ್ಟು ಬಂದಿದ್ರೇನವಾ ನಿಮ್ಮನಿಯವ್ರು" ಅಂದಳು. ನಾನು ಕೊಡ ತುಂಬಿಸಿಕೊಂಡು ಬಂದೆ.

ಉಳವಪ್ಪ ಅವರನ್ನು ಮನೆಗೆ ಕರೆತಂದಿದ್ದಾರೆ. ಅವರ ತಾಯಿ ಸಾತವ್ವ ಕೋಲು ಹಿಡಿಸಿ ನಡೆಸುತ್ತಾರಂತೆ. ಇವರು ನೋಡಲು ಹೋಗುವುದಿಲ್ಲ.

ಬೆಳಕು ಮತ್ತು ನೆಲ ಬಿಟ್ಟು ಬೇರೆ ಏನಾದರೂ ನೆನಪಾದರೆ ಬರೆಯಿರಿ. ಇವರು ಅಲ್ಲಿ ಎಲ್ಲಿ ನಿಂತಿದ್ದರು, ಅಷ್ಟಾದರೂ.

ಫಕ್ರುನ್ನಿಸಾ


ಪೀರನವಾಡಿ
12 ಆಗಸ್ಟ್ 2024

ಅಣ್ಣಾರಿಗೆ,

ಮೂರನೆಯ ತಾರೀಖು ಹಾಕಿದ ಪತ್ರ ಮುಟ್ಟಿತೋ ಇಲ್ಲವೋ. ಟೀಚರ್ ಮನೆಯ ಡಬ್ಬಿ ದಿನಾ ನೋಡುತ್ತೇನೆ. ನಿಮ್ಮ ತಬ್ಯೇತಿ ನೆಟ್ಟಗಿದೆ ತಾನೆ? ಕಂಪನಿಯವರಿಗೆ ಅಂಜಿ ಬರೆಯುತ್ತಿಲ್ಲವಾದರೆ ಅಷ್ಟು ಮಾತ್ರ ಬರೆಯಿರಿ, ನಾನು ಮತ್ತೆ ಕೇಳುವುದಿಲ್ಲ. ನಿಮಗೂ ಮನೆ ಇದೆ.

ಇನ್ನು ಹದಿನೇಳು ದಿನ.

ಫಕ್ರುನ್ನಿಸಾ


ಖಾನಾಪುರ
16 ಆಗಸ್ಟ್ 2024

ತಂಗಿಗೆ ಶರಣು.

ಎರಡೂ ಪತ್ರ ಮುಟ್ಟಿವೆ. ಮೊದಲನೆಯದಕ್ಕೆ ಮೂರು ಸಲ ಉತ್ತರ ಬರೆದು ಮೂರು ಸಲವೂ ಒಲೆಗೆ ಹಾಕಿದೆ. ನೀಲಾ ನನ್ನ ಕೈಯಿಂದ ಪೆನ್ನು ಕಸಿದುಕೊಂಡು, ಬಾಯಿ ದೊಡ್ಡದು ಮಾಡಿ ನಿಧಾನ ಅಂದಳು, "ಅಪ್ಪಾ, ಯೂನಿಯನ್ನಿನವ್ರಿಗೆ ಇಷ್ಟ ಯಾಕ ಬೆವರ್ತಿ?" ತುಟಿ ಓದುವುದು ನನಗೆ ಸ್ವಲ್ಪ ಸ್ವಲ್ಪ ಬರುತ್ತಿದೆ. ಬರದಿದ್ದರೆ ಚಲೋ ಇತ್ತು.

ತಾಲಿಬ ಎಲ್ಲಿ ನಿಂತಿದ್ದ ಅಂತ ಯಾಕೆ ಕೇಳಿದೆ? ಯಾರಾದರೂ ಏನಾದರೂ ಹೇಳಿದರೋ? ಉಳವಪ್ಪ ಹೇಳಿದನೋ? ಅವನು ಮೋಲ್ಡುಗಳ ಕಡೆ ಮುಖ ಮಾಡಿದ್ದ, ಅವನಿಗೆ ಕಂಡಿರಲು ಸಾಧ್ಯವಿಲ್ಲ. ನಿಮಗೂ ಮನೆ ಇದೆ ಅಂತ ಬರೆದದ್ದು ಯಾವ ಅರ್ಥದಲ್ಲಿ? ನಾನು ಅದನ್ನೇ ಓದಿ ಓದಿ ಆ ಸಾಲು ಮಾಸಿಹೋಗಿದೆ. ಸಿಟ್ಟಿನಿಂದ ಬರೆದೆಯೋ ಕರುಣೆಯಿಂದ ಬರೆದೆಯೋ ತಿಳಿಯದು. ಕಿವಿ ಇದ್ದರೆ ದನಿಯಿಂದ ತಿಳಿಯುತ್ತಿತ್ತು.

ಆ ಹದಿನೇಳು ಸಾಲಿನ ಬಗ್ಗೆ ಶೆಡ್ಡಿನಲ್ಲಿ ಕುಂತು ವಿಚಾರ ಮಾಡಿದೆ. ಒಣಗಿಸಿದ್ದು ಹೌದು, ಸರಿಯಾಗಿ ಅಲ್ಲ. ನೋಡಿದ್ದು ಹೌದು, ಜಾಗ್ರತೆಯಿಂದ ಅಲ್ಲ. ನಾನು ಇಂಗ್ಲಿಷ್ ಅರಿಯೆ, ಆದರೆ ಬರೆದವರು ಬಹಳ ಶಾಣ್ಯಾರು. ಎಲ್ಲರನ್ನೂ ಸ್ವಲ್ಪ ಸ್ವಲ್ಪ ಹಿಡಿದಿದ್ದಾರೆ, ಯಾರನ್ನೂ ಪೂರಾ ಹಿಡಿದಿಲ್ಲ. ಅದರಲ್ಲಿ ಒಬ್ಬ ಮನುಷ್ಯ ಆರಾಮ ಅಡಗಿ ಕೂಡಬಹುದು. ಕೂಡಬಹುದು ಅಂತ ನಾನೂ ಅಂದುಕೊಂಡಿದ್ದೆ. ಆದರೆ ನಿದ್ದೆ ಬರಬೇಕಲ್ಲ.

ನನಗೆ ನೆನಪಿರುವುದನ್ನು ಬರೆಯುತ್ತೇನೆ. ಹಿಡಿಕೆಯ ಮೇಲೆ ಸುಣ್ಣದ ಗುರುತು ಇತ್ತು. ಅದನ್ನು ಕಣ್ಣಾರೆ ಕಂಡು ಭಟ್ಟಿ ಬಾಗಿಸಿದೆ. ಗುರುತು ಇಲ್ಲದೆ ನಾನು ಬಾಗಿಸಲಿಲ್ಲ. ತಾಲಿಬ ಯಾವಾಗ ಒತ್ತಿದನೋ ಗೊತ್ತಿಲ್ಲ. ಒತ್ತಿ ಮರೆತಿದ್ದಾನೆ, ಪಾಪ. ಯಾರಿಗೂ ಆಗುವಂಥದ್ದು. ಅವನು ಸಹಿ ಮಾಡಲೇಬೇಕೆಂದರೆ, ಮಾಡಿದ್ದು ಹೌದು ಆದರೆ ಬೇಕೆಂದು ಮಾಡಲಿಲ್ಲ ಅಂತ ಬರೆಸಲಿ. ಸಾಹೇಬರು ಕನಿಕರ ತೋರಿಸುತ್ತಾರೆ.

ಇನ್ನು ನನ್ನನ್ನು ಕೇಳಬೇಡ. ಹಂಚು ಗಲ್ಲಕ್ಕೆ ಹಚ್ಚಿ ಹಚ್ಚಿ ಗಲ್ಲ ಒಡೆದಿದೆ.

ಬಸಲಿಂಗಪ್ಪ


ಪೀರನವಾಡಿ
20 ಆಗಸ್ಟ್ 2024

ಅಣ್ಣಾರಿಗೆ ಸಲಾಮು.

ನಿಮಗೂ ಮನೆ ಇದೆ ಅಂತ ಬರೆದದ್ದು ಕರುಣೆಯಿಂದಲೇ. ನೀವು ಕಂಪನಿಗೆ ಅಂಜಿದ್ದೀರಿ ಅಂತ ತಿಳಿದಿದ್ದೆ. ಇವತ್ತು ಹಾಗೆ ತಿಳಿಯುತ್ತಿಲ್ಲ.

ಒಂದು ಮಾತು ನಾನು ನಿಮಗೆ ಬರೆದಿರಲಿಲ್ಲ. ಅದಕ್ಕೆ ಏನು ಬೆಲೆ ಅಂತ ನನಗೇ ಗೊತ್ತಿರಲಿಲ್ಲ. ನಿಮ್ಮ ಪತ್ರ ಓದಿದ ಮೇಲೆ ಗೊತ್ತಾಯಿತು.

ಆ ಶುಕ್ರವಾರ ಬೆಳಿಗ್ಗೆ ನಾನು ಇವರ ಪ್ಯಾಂಟು ನೀರಿಗೆ ಹಾಕಿದೆ. ಕಿಸೆಯಲ್ಲಿದ್ದದ್ದನ್ನು ತೆಗೆದು ಗೋಡೆಯ ಗೂಡಿನಲ್ಲಿಟ್ಟೆ. ಇವರು ಬೇರೆ ಪ್ಯಾಂಟು ಹಾಕಿಕೊಂಡು ಅವಸರದಲ್ಲಿ ಹೋದರು. ಮೂರು ದಿನದ ಮೇಲೆ ದವಾಖಾನೆಯಿಂದ ಬಟ್ಟೆ ಒಯ್ಯಲು ಬಂದಾಗ ನೋಡಿದೆ, ಸುಣ್ಣದ ಡಬ್ಬಿ ಗೂಡಿನಲ್ಲೇ ಇತ್ತು. ಈಗಲೂ ಇದೆ. ಹಿತ್ತಾಳೆಯದು, ಮುಚ್ಚಳಕ್ಕೆ ತಗ್ಗು ಬಿದ್ದದ್ದು, ನೀವು ನೋಡಿರುತ್ತೀರಿ. ಇನ್ನೊಂದು ಡಬ್ಬಿ ಇವರ ಹತ್ತಿರ ಇಲ್ಲ.

ಇವರ ಹತ್ತಿರ ಸುಣ್ಣ ಇರಲಿಲ್ಲ. ಗುರುತು ಇತ್ತು ಅಂತ ನೀವು ಬರೆದಿದ್ದೀರಿ.

ನಾನು ಕಲಿತವಳಲ್ಲ, ಸುತ್ತು ಬಳಸಿ ಬರೆಯಲು ಬರುವುದಿಲ್ಲ. ನಾನು ಇದನ್ನು ಟೀಚರಿಗೂ ಹೇಳಿಲ್ಲ, ಇವರಿಗೂ ಹೇಳಿಲ್ಲ. ಇವರಿಗೆ ಹೇಳಿದರೆ ಆ ಗುರುತು ಯಾರ ಡಬ್ಬಿಯಿಂದ ಬಂತು ಅಂತ ಕೇಳುತ್ತಾರೆ. ಆ ಫೌಂಡ್ರಿಯಲ್ಲಿ ತಂಬಾಕು ತಿನ್ನುವವರು ಇಬ್ಬರೇ, ನಾನು ಮತ್ತು ಬಸಣ್ಣ ಅಂತ ಇವರೇ ನಗುತ್ತಾ ಹೇಳುತ್ತಿದ್ದರು.

ಒಂಬತ್ತು ದಿನ ಇವೆ. ಡಬ್ಬಿಯನ್ನು ಕಚೇರಿಗೆ ನಾನು ಒಯ್ಯಬಲ್ಲೆ. ಅದಕ್ಕಿಂತ ಮೊದಲು ನಿಮ್ಮ ಬಾಯಿಂದ ಕೇಳಬೇಕು ಅಂತ ಮನಸ್ಸು.

ಫಕ್ರುನ್ನಿಸಾ


ಖಾನಾಪುರ
24 ಆಗಸ್ಟ್ 2024

ತಂಗಿ,

ನೀಲಾಗೆ ಎಲ್ಲ ಹೇಳಿದೆ. ಅವಳು ಎದುರು ಕೂತಿದ್ದಾಳೆ. ಇದನ್ನು ಒಲೆಗೆ ಹಾಕದಂತೆ ಕಾಯುತ್ತಿದ್ದಾಳೆ.

ಆ ದಿನ ಲ್ಯಾಡಲಿಗೆ ಮಣ್ಣು ದಪ್ಪ ಬಳಿದಿದ್ದರು. ತಾಲಿಬ ಒಳಗೆ ಬರ್ನರ್ ಹಚ್ಚಿ, ಮುಕ್ಕಾಲು ತಾಸು ನೋಡಿ, ನಮಾಜಿಗೆ ಹೊರಟ. ಹೋಗುವಾಗ ನನ್ನ ಹತ್ತಿರ ಬಂದು, "ಬಸಣ್ಣಾ, ಮೂರರ ತನಕಾ ಮುಟ್ಟಬ್ಯಾಡ" ಅಂದ. ನಾನು ಹೂಂ ಅಂದೆ. ಇಷ್ಟು ಬರೆದ ಮೇಲೆ ಮುಂದಿನದು ಏನು ಉಳಿಯಿತು, ಆದರೂ ಬರೆಯುತ್ತೇನೆ.

ಎರಡು ಗಂಟೆಗೆ ಭಟ್ಟಿ ತಯಾರಾಯಿತು. ಸಾಹೇಬರು ಮೂರು ಸಲ ಬಂದರು. ಮಾಲು ಇವತ್ತೇ ಹೋಗಬೇಕು, ಕಾಯ್ದರೆ ಕಬ್ಬಿಣ ಕೆಡುತ್ತದೆ, ಅವನೊಬ್ಬನಿಗಾಗಿ ಎಲ್ಲರೂ ಕೂಡಬೇಕೇನು ಅಂದರು. ಮೂರನೆಯ ಸಲ ಬರೇ ಗಡಿಯಾರ ನೋಡಿದರು. ನಾನು ಯಾರಾದರೂ ಗಡಿಯಾರ ನೋಡಿದರೆ ಗಡಬಡಿಸುವ ಮನುಷ್ಯ, ಮೊದಲಿನಿಂದಲೂ ಹಾಗೇ. ಲ್ಯಾಡಲ್ ಹತ್ತಿರ ಹೋದೆ. ತಾಲಿಬ ಪ್ರತಿ ಸಲ ತಣ್ಣನೆಯ ತಗಡೊಂದನ್ನು ಅದರ ಬಾಯಿಗೆ ಹಿಡಿದು ನೋಡುತ್ತಾನೆ. ತಗಡು ಬೆವರಿದರೆ ಒಳಗೆ ಇನ್ನೂ ಹಸಿ ಐತಿ ಅಂತ ಅರ್ಥ. ತಗಡು ಗೋಡೆಗೆ ಒರಗಿಸಿದ್ದು ಅಲ್ಲೇ ಇತ್ತು. ನಾನು ಹಿಡಿಯಲಿಲ್ಲ. ಹಿಡಿದರೆ ಬೆವರುತ್ತದೇನೋ ಅಂತ ಅಂಜಿಕೆ ಬಂತು. ನನ್ನ ಡಬ್ಬಿ ತೆಗೆದು, ನನ್ನ ಹೆಬ್ಬೆರಳಿನಿಂದ ಹಿಡಿಕೆಯ ಮೇಲೆ ಒತ್ತಿದೆ. ಸಾಹೇಬರು ನೋಡಿದರು, ಆಮೇಲೆ ಬೆನ್ನು ತಿರುಗಿಸಿದರು.

ಇದು ಮೊದಲ ಸಲವೂ ಅಲ್ಲ. ಹಿಂದೆ ಎರಡು ಶುಕ್ರವಾರ ಹಾಗೆ ಮಾಡಿದ್ದೆ. ಏನೂ ಆಗಿರಲಿಲ್ಲ. ಗೆಳೆಯನ ಕೆಲಸ ಹಗುರ ಮಾಡಿದೆ ಅಂದುಕೊಂಡಿದ್ದೆ, ಅವನಿಗೆ ಹೇಳಿರಲಿಲ್ಲ.

ತಾಲಿಬ ಎಲ್ಲಿ ನಿಂತಿದ್ದ ಅಂತ ಕೇಳಿದೆ. ನಿಂತಿರಲಿಲ್ಲ. ನಾನು ಭಟ್ಟಿ ಬಾಗಿಸಿದಾಗ ಬಾಗಿಲಿನಿಂದ ಓಡಿ ಬರುತ್ತಿದ್ದ. ತಲೆಯ ಮೇಲೆ ಟೋಪಿ ಹಾಗೇ ಇತ್ತು. ಒಂದು ಕೈ ಮೇಲೆತ್ತಿದ್ದ. ತಡವಾಯಿತೆಂದು ಓಡಿ ಬರುತ್ತಿದ್ದಾನೆ ಅಂತ ನನಗೆ ನಾನೇ ಎರಡು ತಿಂಗಳು ಹೇಳಿಕೊಂಡೆ. ಆದರೆ ಅವನ ಮಾತು ನನಗೆ ಕೇಳಿತ್ತು. "ಬಸಣ್ಣಾ, ಬ್ಯಾಡ. ಹಸೀ ಐತಿ." ಅಷ್ಟರಲ್ಲಿ ಕಬ್ಬಿಣ ಇಳಿದಿತ್ತು. ಹಿಂದೆ ಸರಿಯುವ ಬದಲು ಅವನು ಉಳವಪ್ಪನ ಕಡೆ ಹಾರಿದ, ಅವನ ಹೆಗಲು ಹಿಡಿದು ಎಳೆದ. ಇಲ್ಲದಿದ್ದರೆ ಉಳವಪ್ಪನ ಪಾದ ಅಲ್ಲ, ಉಳವಪ್ಪನೇ ಇರುತ್ತಿರಲಿಲ್ಲ. ನಿನ್ನ ಗಂಡನ ಬೆನ್ನು ಸುಟ್ಟದ್ದು ಹಾಗೆ. ಎದುರಿಗೆ ನಿಂತವನ ಬೆನ್ನು ಹೇಗೆ ಸುಟ್ಟೀತು, ಆ ಹನ್ನೊಂದು ಹಾಳೆ ಬರೆದವರು ಕೇಳಲಿಲ್ಲ.

ನನ್ನ ಕಿವಿ ಕೊನೆಗೆ ಕೇಳಿದ ಮಾತು ಅದು. ಆಮೇಲೆ ಏನೂ ಕೇಳಿಲ್ಲವಾದ್ದರಿಂದ ಅದೇ ಒಳಗೆ ಉಳಿದುಬಿಟ್ಟಿದೆ. ಫ್ಯಾನಿನ ಸಪ್ಪಳ ಅಂತ ನಿನಗೆ ಬರೆದದ್ದು ಸುಳ್ಳು.

ಇಂಗ್ಲಿಷಿನವರು ಹೇಗೆ ಬರೆಯಲಿ, ನಾನು ನನಗೆ ಬರುವ ಹಾಗೆ ಬರೆಯುತ್ತೇನೆ. ತಾಲಿಬ ಒಣಗಿಸುತ್ತಿದ್ದ. ನಾನು ಕಾಯಲಿಲ್ಲ. ನಾನು ತಗಡು ಹಿಡಿಯಲಿಲ್ಲ. ನಾನು ಅವನ ಗುರುತು ಹಾಕಿದೆ. ನಾನು ಬಾಗಿಸಿದೆ.

ಇದನ್ನು ತಾಲಿಬನ ಮುಂದೆ ಓದು. ಇಪ್ಪತ್ತೊಂಬತ್ತಕ್ಕೆ ನಾನು ಬೆಳಗಿನ ಬಸ್ಸಿಗೆ ಬರುತ್ತೇನೆ, ನೀಲಾ ಜೊತೆ ಬರುತ್ತಾಳೆ. ಪ್ರಶ್ನೆ ಕೇಳಿದರೆ ನನಗೆ ಕೇಳದು, ಅದಕ್ಕೆ ಎಲ್ಲ ಬರೆದುಕೊಂಡೇ ಬರುತ್ತೇನೆ. ಅವನು ನನ್ನ ಮುಖ ನೋಡಬೇಕೆಂದಿಲ್ಲ.

ಕ್ಷಮಿಸು ಅಂತ ಬರೆದು ಹೊಡೆದು ಹಾಕಿದ್ದು ಕಾಣುತ್ತದೆ. ಕೇಳಲು ನನಗೆ ಬಾಯಿಲ್ಲ.

ಬಸಲಿಂಗಪ್ಪ


ಪೀರನವಾಡಿ
21 ಸೆಪ್ಟೆಂಬರ್ 2024

ಬಸಲಿಂಗಪ್ಪ ಅಣ್ಣಾರಿಗೆ,

ಇಷ್ಟು ದಿನ ಯಾಕೆ ಬರೆಯಲಿಲ್ಲ ಅಂತ ನೀವು ಚಿಂತೆ ಮಾಡಿರುತ್ತೀರಿ. ಬರೆಯಲು ಮನಸ್ಸಿರಲಿಲ್ಲ. ಸಿಟ್ಟು ಇತ್ತು. ಈಗಲೂ ಇದೆ, ಮೊದಲಿನಷ್ಟು ಇಲ್ಲ.

ನಿಮ್ಮ ಪತ್ರ ಇಪ್ಪತ್ತೇಳಕ್ಕೆ ಬಂತು. ಇವರ ಮುಂದೆ ಕೂತು ಓದಿದೆ. ಮೂರು ಸಲ ಓದಿಸಿದರು. ಓಡಿ ಬಂದದ್ದು, ಕೈ ಎತ್ತಿದ್ದು, ಉಳವಪ್ಪ ಅವರ ಹೆಗಲು ಹಿಡಿದದ್ದು, ಆ ಜಾಗಕ್ಕೆ ಬಂದಾಗಲೆಲ್ಲ ನಿಲ್ಲಿಸಿ ಮತ್ತೆ ಮೊದಲಿನಿಂದ ಅಂದರು. ಬೇರೆ ಯಾರದೋ ಸುದ್ದಿ ಕೇಳುವ ಹಾಗೆ ಕೇಳಿದರು. ಕೊನೆಗೆ ಒಂದೇ ಮಾತು. "ಎರಡು ತಿಂಗಳು ಮ್ಯಾಲಾತು. ನನ್ನ ಅನ್ನಾ ಉಂಡಾಂವ, ಸುಮ್ನ ಕುಂತಾನ." ಆಮೇಲೆ ಎದ್ದು ಹೊರಗೆ ಹೋದರು. ಜೂನ್ ತಿಂಗಳಿಂದ ಓಣಿಗೆ ಕಾಲಿಟ್ಟದ್ದು ಅದೇ ಮೊದಲು.

ಇಪ್ಪತ್ತೊಂಬತ್ತಕ್ಕೆ ನೀವು ಕಚೇರಿಯಲ್ಲಿ ಓದಿದ್ದು ಹೊರಗೆ ಅಂಗಳದಲ್ಲಿ ಕುಂತ ನಮಗೂ ಕೇಳಿತು. ನಿಮ್ಮ ದನಿ ಎಷ್ಟು ದೊಡ್ಡದು ಬರುತ್ತದೆ ಅಂತ ನಿಮಗೆ ಗೊತ್ತಿಲ್ಲ. ಗೇಟಿನ ವಾಚಮನ್ ಎದ್ದು ನಿಂತ. ಮಧ್ಯದಲ್ಲಿ ಸಾಹೇಬರು ಸಾಕು ಸಾಕು ಅಂದದ್ದೂ ಕೇಳಿತು, ನಿಮಗೆ ಕೇಳಲಿಲ್ಲ, ಕೊನೆಯ ತನಕ ಓದಿದಿರಿ. ಇವರು ನೆಲ ನೋಡುತ್ತಿದ್ದರು. ನೀವು ಹೊರಬಂದು ಇವರ ಮುಂದೆ ನಿಂತದ್ದು ಇವರಿಗೆ ಗೊತ್ತಾಯಿತು. ಮುಖ ಎತ್ತಲು ಆಗಲಿಲ್ಲ ಅಂತ ಆಮೇಲೆ ನನಗೆ ಅಂದರು. ನೀವು ಚಹಾ ಕೂಡ ಕುಡಿಯದೆ ಬಸ್ಸಿಗೆ ಹೋದಿರಿ.

ಮೊನ್ನೆ ಹೊಸ ರಿಪೋರ್ಟು ಬಂತು. ಟೀಚರ್ ಓದಿದರು. ಇವರ ತಪ್ಪು ಖಚಿತವಾಗಿ ಸಾಬೀತುಪಡಿಸಲ್ಪಟ್ಟಿಲ್ಲ ಅಂತ ಇದೆ. ತಪ್ಪು ಇಲ್ಲ ಅಂತ ಅಲ್ಲ, ಖಚಿತವಾಗಿ ಇಲ್ಲ. ಅವರ ಕೈಯಿಂದ ಇದಕ್ಕಿಂತ ಹೆಚ್ಚು ಬರುವುದಿಲ್ಲ ಅಂತ ಟೀಚರ್ ಅಂದರು. ನೀವು ಅಷ್ಟು ಕೂಗಿ ಓದಿದ್ದೂ ಅದರಲ್ಲಿದೆ, ಹೀಗೆ: ಗುರುತು ಹಾಕಲ್ಪಡುವ ಮೊದಲು ಲ್ಯಾಡಲ್ ಸರಿಯಾಗಿ ಪರೀಕ್ಷಿಸಲ್ಪಟ್ಟಿರಲಿಲ್ಲ. ನೀವು ಓದಿದ ನಾನು ನಾನು ಅನ್ನುವುದು ಒಂದೂ ಉಳಿದಿಲ್ಲ. ಮೂರು ಸಲ ಬಂದವರೂ ಇಲ್ಲ, ಗಡಿಯಾರವೂ ಇಲ್ಲ. ನಿಮ್ಮನ್ನು ಕೆಲಸದಿಂದ ತೆಗೆದ ಕಾಗದದಲ್ಲಿ ಮಾತ್ರ ನಿಮ್ಮ ಹೆಸರು, ತಂದೆಯ ಹೆಸರು, ಊರು ಎಲ್ಲ ದಪ್ಪ ಅಕ್ಷರದಲ್ಲಿದೆ ಅಂತ ನೀಲಾ ಫೋನಿನಲ್ಲಿ ಹೇಳಿದರು.

ಇವರು ಮುಂದಿನ ಸೋಮವಾರ ಕೆಲಸಕ್ಕೆ ಹೋಗುತ್ತಾರೆ. ಹೋಗಲೇಬೇಕಲ್ಲ. ಕಳೆದ ವಾರ ಉಳವಪ್ಪ ಅವರನ್ನು ನೋಡಿ ಬಂದರು. ನಾನು ಜೊತೆಗಿದ್ದೆ. ಸಾತವ್ವ ಬಾಗಿಲಲ್ಲಿ ಇವರನ್ನು ತಡೆದು ನಿಂತರು. ಬೈಯುತ್ತಾರೆ ಅಂತ ನಾನು ಹೆದರಿದೆ. ಆಕೆ ಇವರನ್ನು ತಿರುಗಿಸಿ, ಅಂಗಿ ಎತ್ತಿ, ಬೆನ್ನು ನೋಡಿದರು. ಬಹಳ ಹೊತ್ತು ನೋಡಿ, "ಒಳಗ ಬರ್ರಿ, ಕುಂದರ್ರಿ" ಅಂದರು. ನಿಮ್ಮ ಪತ್ರದ ಮಾತು ಅವರ ತನಕ ಹೋಗಿತ್ತು.

ಇವರು ನಿಮ್ಮನ್ನು ಕ್ಷಮಿಸಿದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳಿದರೆ ಎದ್ದು ಹೋಗುತ್ತಾರೆ. ನಿಮ್ಮ ಪತ್ರವನ್ನು ಮಾತ್ರ ಕಂಪನಿಯ ಕಾಗದಗಳ ಜೊತೆ ಇಡಲು ಬಿಡಲಿಲ್ಲ, ಬೇರೆ ತೆಗೆದಿಟ್ಟಿದ್ದಾರೆ.

ಈಗ ನಾನು ಬರೆಯುತ್ತಾ ಕೂತಾಗ ಬಂದು ಯಾರಿಗೆ ಅಂದರು. ನಿಮಗೆ ಅಂದೆ. ಮುಂದಿನ ಈದಿಗೆ ಬರ್ರಿ ಅಂತ ಬರೆಯಲೇನು ಅಂದೆ. ಗೂಡಿನಿಂದ ಡಬ್ಬಿ ತೆಗೆದರು. ಒಳಗಿನ ಸುಣ್ಣ ಒಣಗಿ ಕಲ್ಲಾಗಿತ್ತು. ಎರಡು ಹನಿ ನೀರು ಹಾಕಿ, ಬೆರಳಿನಿಂದ ನಿಧಾನ ತಿಕ್ಕಿ ತಿಕ್ಕಿ ಮೆತ್ತಗೆ ಮಾಡಿದರು. ಆಮೇಲೆ ಈ ಹಾಳೆಯ ಕೆಳಗೆ, ನಾನು ಹೆಸರು ಬರೆಯಬೇಕಾದ ಜಾಗದಲ್ಲಿ ಹೆಬ್ಬೆರಳು ಒತ್ತಿದರು. ಅದು ಅವರೇ ಒತ್ತಿದ್ದು ಅಂತ ನಾನು ಬರೆಯುತ್ತಿದ್ದೇನೆ.

ನಾನು ಹಾಳೆ ಮಡಚಲು ಹೋದೆ. ಕೈ ಅಡ್ಡ ಹಿಡಿದರು.

"ಒಣಗೂ ತನಕಾ ಮಡಚಬ್ಯಾಡ."

ಅದಕ್ಕೇ ಕಾಯುತ್ತಾ ಕೂತಿದ್ದೇನೆ.